ಮಸುಕಾದ ನಾನೂರ ಹದಿನಾರು

“ಮುಟ್ಟಬೇಡಿ!”

ಗ್ರಂಥಾಲಯದ ಕೆಟಲಾಗ್ ಮೇಡಂ ಕೂಗಿದ ರಭಸಕ್ಕೆ, ಪೊಲೀಸ್ ಇಲಾಖೆಯಿಂದ ನಿವೃತ್ತನಾದ ಭೂತಗನ್ನಡಿಯ ಬೆರಳು ಮೌಸಿನ ಮೇಲೆಯೇ ಮರಗಟ್ಟಿತು.

ಸ್ಕ್ರೀನಿನ ನಡುವೆ ಬಣ್ಣಬಣ್ಣದ ಚೌಕವೊಂದು ಮಿನುಗುತ್ತಿತ್ತು. ‘ಮಸುಕಾದ, ಕೆಲಸಕ್ಕೆ ಬಾರದ 416 ಚಿತ್ರಗಳು ಸಿಕ್ಕಿವೆ. ಅಳಿಸಲೇ?’ ಎಂದು ಅದು ಬಲು ವಿನಯದಿಂದ ಕೇಳುತ್ತಿತ್ತು. ‘ಹೌದು’ ಎಂಬ ಗುಂಡಿ ಅಂಗೈಯಗಲ. ‘ಬೇಡ’ ಎಂಬುದು ಮೂಲೆಯಲ್ಲಿ ಇರುವೆಯಷ್ಟು.

“ಕಸ ತಾನೇ ಮೇಡಂ? ಕಸ ಹೋದ್ರೆ ಹುಡುಕೋದು ಸಲೀಸು.”

“ಮೂವತ್ತು ವರ್ಷ ಬೆರಳಚ್ಚು ನೋಡಿದೋರು ನೀವು. ಮಸುಕಾಗಿದೆ ಅಂತ ಯಾವತ್ತಾದ್ರೂ ಒಂದು ಅಚ್ಚನ್ನ ಒರೆಸಿ ಹಾಕಿದ್ರಾ?”

ಅವನು ಕಾದ ಬಾಣಲೆ ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡ. ಜೇಬಿನಲ್ಲಿ ಸದಾ ಇರುತ್ತಿದ್ದ, ಬೆರಳಚ್ಚು ನೋಡುವ ಗಾಜಿನ ದೆಸೆಯಿಂದ ಊರು ಅವನ ಹೆಸರನ್ನೇ ಮರೆತು ಭೂತಗನ್ನಡಿ ಎಂದು ಕರೆಯುತ್ತಿತ್ತು. ಕಾಗದದ ಮೇಲೆ ಒಂದು ಗೆರೆ ತೋರಿಸಿ, ಯಾರ ಬೆರಳಿನದೆಂದು ಹೇಳಬಲ್ಲ. ಕಂಪ್ಯೂಟರಿನ ಮುಂದೆ ಕೂರಿಸಿದರೆ ಮಾತ್ರ ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟ ಹಾಗೆ.

ಈ ಸಲ ಕಾಡುಪಾಲಾಗಲು ಹೊರಟದ್ದು ಅವನ ಒಡಹುಟ್ಟಿದ ತಂಗಿಯ ಸಂಸಾರ. ಹತ್ತು ದಿನದ ಹಿಂದೆ, ಗ್ರಂಥಾಲಯದ ಹೊಸ ಓದುವ ಹಾಲ್ ಉದ್ಘಾಟನೆಯಾದ ಮಧ್ಯಾಹ್ನ, ಹಳೆಯ ಕಟ್ಟಡದ ಹಿಂದಿನ ಕಬ್ಬಿಣದ ಮೆಟ್ಟಿಲಿನಿಂದ ಪುಸ್ತಕ ಬೈಂಡ್ ಮಾಡುವ ಮುದುಕನನ್ನು ಯಾರೋ ತಳ್ಳಿ ಕೊಂದಿದ್ದರು. ಅವನ ಒಡೆದ ವಾಚು 4:31ಕ್ಕೆ ನಿಂತಿತ್ತು. ಮೆಟ್ಟಿಲಿನ ಬಾಗಿಲಲ್ಲಿ ನೇತಾಡುತ್ತಿದ್ದ ಬೀಗದ ಕೈ ಗ್ರಂಥಾಲಯದ ಎಲೆಕ್ಟ್ರಿಷಿಯನ್‌ದು. ಆ ಎಲೆಕ್ಟ್ರಿಷಿಯನ್ನೇ ತಂಗಿಯ ಗಂಡ.

“ಫ್ಯೂಸ್ ಹಾಕಿ ಬರೋವಾಗ ಕೀ ಅಲ್ಲೇ ಮರೆತೆ ಭಾವ. ಆಮೇಲೆ ಹಾಲ್‌ನಲ್ಲೇ ಇದ್ದೆ, ಕುರ್ಚಿಗಳ ಹಿಂದೆ,” ಎಂದು ಅವನು ಲಾಕಪ್ಪಿನ ಸರಳು ಹಿಡಿದು ಹೇಳಿದ್ದ. ನೋಡಿದೆವು ಎನ್ನುವವರು ಒಬ್ಬರೂ ಇರಲಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಯಾರು ನೋಡುತ್ತಾರೆ? ದೀಪ ಆರಿದಾಗ ಮಾತ್ರ ಅವನ ನೆನಪು.

ಉಳಿದದ್ದು ಫೋಟೋ ಮಾತ್ರ. ಸ್ಟುಡಿಯೋದ ಗಂಡ ಹೆಂಡತಿ ಒಬ್ಬೊಬ್ಬರು ಒಂದೊಂದು ಕ್ಯಾಮೆರಾ ಹಿಡಿದು ತೆಗೆದ ಒಂಬತ್ತು ಸಾವಿರದ ಆರುನೂರು ಫೋಟೋ, ಗ್ರಂಥಾಲಯದ ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿ, ತಲೆಬುಡವಿಲ್ಲದೆ ಸುರಿದದ್ದು. ಪೊಲೀಸರಿಗೆ ಅದನ್ನು ಜಾಲಾಡುವ ಪುರುಸೊತ್ತಿರಲಿಲ್ಲ. “ಐದು ಗಂಟೆಗೆ ಆರೋಪಪಟ್ಟಿಗೆ ಸಹಿ ಹಾಕ್ತೀನಿ ಸರ್, ಅಷ್ಟರೊಳಗೆ ಏನಾದ್ರೂ ಇದ್ರೆ ತನ್ನಿ,” ಎಂದಿದ್ದ ಇನ್ಸ್‌ಪೆಕ್ಟರ್. ಹಳೆಯ ಶಿಷ್ಯ, ಅಷ್ಟು ಅಂದದ್ದೇ ದೊಡ್ಡ ಉಪಕಾರ. ಈಗ ಗಂಟೆ ಎರಡಾಗಿತ್ತು.

“ಈ ಸಾಫ್ಟ್‌ವೇರ್ ತಂದೋರು ಯಾರು?” ಮೇಡಂ ಕನ್ನಡಕ ಏರಿಸಿದರು.

“ನಾನೇ,” ಎಂದಳು ತಂಗಿ. ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮೂಲೆಯ ಸ್ಟೂಲಿನಲ್ಲಿ ಕೂತಿದ್ದಳು. “ಒಬ್ರು ಒಳ್ಳೇದು ಅಂದ್ರು. ಪುಕ್ಕಟೆ, ಎಲ್ಲಾ ಅದೇ ಜೋಡಿಸುತ್ತೆ, ನೀವು ಹೌದು ಹೌದು ಅಂತ ಒತ್ತುತ್ತಾ ಹೋದ್ರೆ ಸಾಕು ಅಂದ್ರು.”

ಆ ಒಬ್ಬರು ಯಾರು ಎಂದು ಭೂತಗನ್ನಡಿ ಕೇಳಬೇಕಿತ್ತು. ನೌಕರಿಯಲ್ಲಿದ್ದಾಗಿನ ಭೂತಗನ್ನಡಿಯಾಗಿದ್ದರೆ ಕೇಳುತ್ತಿದ್ದ. ತಂಗಿಯ ಊದಿದ ಕಣ್ಣು ನೋಡಿ ಬಾಯಿ ಬರಲಿಲ್ಲ.

“ಪುಕ್ಕಟೆ ಸಿಕ್ಕಿದ್ರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ,” ಎಂದು ಗೊಣಗಿದ ಮೇಡಂ ಅದನ್ನು ಮುಚ್ಚಿ, ಕಂಪ್ಯೂಟರಿನಿಂದಲೇ ತೆಗೆದು ಹಾಕಿದರು. ಇಪ್ಪತ್ತೆರಡು ವರ್ಷ ಪುಸ್ತಕಗಳಿಗೆ ನಂಬರು ಹಾಕಿದ ಕೈ ಅದು. ರಜೆ ಹಾಕಿ, ಮೇಲಿನವರಿಗೆ ಹೇಳದೆ, ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಈ ಕೆಲಸಕ್ಕೆ ಕೂತಿದ್ದರು.

ಅವರು ಎರಡನೆಯದೊಂದನ್ನು ತೆರೆದರು. ನೋಡಲು ಚೆಂದವಿತ್ತು, ಕ್ಷಣದಲ್ಲಿ ಮುಖ ಹುಡುಕುತ್ತದಂತೆ. ಅದೂ ಪುಕ್ಕಟೆಯೇ. ಆದರೆ ಮೊದಲು ಫೋಟೋಗಳನ್ನೆಲ್ಲ ಕಂಪನಿಯ ಉಗ್ರಾಣಕ್ಕೆ ಕಳುಹಿಸಿ ಎಂದಿತು.

“ಕಳಿಸಿ ಮೇಡಂ, ಟೈಮಿಲ್ಲ.”

“ಕೊಲೆ ಕೇಸಿನ ಸಾಕ್ಷಿ ಸರ್. ಗುರುತಿಲ್ಲದೋರ ಮನೆ ಜಗಲಿ ಮೇಲೆ ಇಟ್ಟು ಬರ್ತೀರಾ?”

ಕಿಟಕಿಯ ಹೊರಗೆ ಬಸ್ಸುಗಳು ಬಂದು ಹೋಗುತ್ತಿದ್ದವು. ಪ್ರತಿ ಬಸ್ಸಿನ ಜೊತೆ ಐದು ನಿಮಿಷ ಹೋಯಿತೆಂದು ಅವನು ಲೆಕ್ಕ ಹಾಕುತ್ತಿದ್ದ.

ಮೂರನೆಯದು ನೋಡಲು ಸರ್ಕಾರಿ ಅರ್ಜಿಯ ಹಾಗಿತ್ತು. ಬೂದು ಬಣ್ಣ, ಒತ್ತೊತ್ತಾದ ಅಕ್ಷರ. ಯಾರೋ ಆಸಕ್ತರು ಸೇರಿ ಬಿಡುವಿನಲ್ಲಿ ಬರೆದು ಊರಿಗೆಲ್ಲ ಹಂಚಿದ್ದಂತೆ. ಮೇಡಂ ಅದರ ಒಂದೊಂದು ಪುಟವನ್ನೂ ಓದಿದರು. ಹೆಣ್ಣು ನೋಡಲು ಹೋದವರೂ ಅಷ್ಟು ವಿಚಾರಿಸುವುದಿಲ್ಲ.

“ಇದೇ ಆಗಲಿ,” ಎಂದರು ಕೊನೆಗೆ. “ಇದು ಫೋಟೋನ ಜಾಗ ಬಿಟ್ಟು ಕದಲಿಸಲ್ಲ, ಅದರ ಮೇಲೆ ಗೀಚಲ್ಲ. ನಾವು ಪುಸ್ತಕ ಮುಟ್ಟದೆ ಕಾರ್ಡ್ ಬರೆಯಲ್ವಾ, ಹಾಗೆ. ಪ್ರತಿ ಫೋಟೋದ ಒಳಗೂ ಕ್ಯಾಮೆರಾ ತನ್ನ ಟೈಮ್ ಬರೆದಿಟ್ಟಿರುತ್ತೆ, ಅದನ್ನ ಓದಿ ತನ್ನ ಪುಸ್ತಕದಲ್ಲಿ ಬರ್ಕೊಳ್ಳುತ್ತೆ. ನಾಳೆ ಕೋರ್ಟಲ್ಲಿ ಯಾರೂ ನೀವು ತಿದ್ದಿದ್ರಿ ಅನ್ನೋ ಹಾಗಿಲ್ಲ.”

“ಎಷ್ಟು ಹೊತ್ತಾಗುತ್ತೆ?”

“ಒಂದು ಗಂಟೆ. ನಿಧಾನಿ.”

ತಂಗಿ ಎದ್ದಳು. “ಊಟ ಕೊಟ್ಟು ಬರ್ತೀನಿ ಅಣ್ಣಾ. ಸಿಕ್ಕ ತಕ್ಷಣ ಫೋನ್ ಮಾಡು. ಅವರು ಮೂರು ದಿನದಿಂದ ಸರಿಯಾಗಿ ತಿಂದಿಲ್ಲ.”

ಆ ಒಂದು ಗಂಟೆ ಅವನು ಮಾಡಿದ್ದು ಕೋಣೆಯ ಉದ್ದ ಅಳೆದದ್ದು. ಹನ್ನೊಂದು ಹೆಜ್ಜೆ. ಮೇಡಂ ಎಲೆಕ್ಟ್ರಿಷಿಯನ್‌ನ ಗುರುತಿನ ಚೀಟಿಯ ಫೋಟೋ ತೋರಿಸಿ ಈ ಮುಖ ಹುಡುಕು ಎಂದಿದ್ದರು. ಆ ಬೂದು ಸಾಫ್ಟ್‌ವೇರ್ ಒಂದು ಸಲ ‘ಇವರೇನಾ?’ ಎಂದು ಗ್ರಂಥಾಲಯ ಕಟ್ಟಿಸಿದ ಪುಣ್ಯಾತ್ಮನ ಅಮೃತಶಿಲೆಯ ತಲೆ ತೋರಿಸಿತು. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

ಮೂರೂ ಹತ್ತಕ್ಕೆ ಅದು ಮತ್ತೆ ‘ಇವರೇನಾ?’ ಎಂದಿತು.

ಕುರ್ಚಿಗಳ ಹಿಂದೆ, ಕಂಬಕ್ಕೆ ಒರಗಿ, ಕುತ್ತಿಗೆಗೆ ಟೆಸ್ಟರ್ ನೇತುಹಾಕಿಕೊಂಡು ನಿಂತಿದ್ದ ತಂಗಿಯ ಗಂಡ. ಬಾಯಿ ಅರ್ಧ ತೆರೆದಿತ್ತು, ಆಕಳಿಕೆ. ಕೆಳಗೆ ಸಮಯ: 4:32.

ಭೂತಗನ್ನಡಿ ಅಭ್ಯಾಸಬಲದಿಂದ ಜೇಬಿನ ಗಾಜು ತೆಗೆದು ಸ್ಕ್ರೀನಿಗೇ ಹಿಡಿದ. ನಾಲ್ಕು, ಮೂರು, ಎರಡು. ಸುಳ್ಳಲ್ಲ. ಮುದುಕ ಬಿದ್ದದ್ದು 4:31ಕ್ಕೆ. ಆ ಮೆಟ್ಟಿಲಿನಿಂದ ಹಾಲ್‌ಗೆ ಓಡಿ ಬಂದರೂ ಐದು ನಿಮಿಷ ಬೇಕು.

“ಸಿಕ್ತು ಕಣಮ್ಮಾ!” ಎಂದು ಫೋನಿನಲ್ಲಿ ಕೂಗಿಬಿಟ್ಟ. ಆ ಕಡೆ ತಂಗಿ ಅಳುತ್ತ ಗಂಡನಿಗೆ ಹೇಳುವುದು ಕೇಳಿಸಿತು.

ಅವಸರ ಪಟ್ಟಿದ್ದು ಅಲ್ಲೇ.

“ಸರ್,” ಎಂದರು ಮೇಡಂ. ದನಿ ಇಳಿದಿತ್ತು. “ಎಲ್ಲಾ ಫೋಟೋನೂ ಟೈಮ್ ಪ್ರಕಾರ ಸಾಲಾಗಿಟ್ಟೆ. ಇದನ್ನ ನೋಡಿ.”

ಅತಿಥಿ ಕತ್ತರಿ ಹಿಡಿದು ರಿಬ್ಬನ್ ಕತ್ತರಿಸುತ್ತಿದ್ದರು, 3:50. ಆಮೇಲೆ ಭಾಷಣ, ಚಪ್ಪಾಳೆ, ನೀರಿನ ಲೋಟ. ಮತ್ತೆ ಅದೇ ಅತಿಥಿ, ಅದೇ ಕತ್ತರಿ, ಅದೇ ರಿಬ್ಬನ್, 4:15.

“ಎರಡು ಸಲ ಕತ್ತರಿಸಿದ್ರಾ?”

“ಒಂದೇ ಸಲ. ನಾನೇ ತಟ್ಟೆ ಹಿಡಿದಿದ್ದೆ. ಮೊದಲನೇದು ಹೆಂಡತಿ ಕ್ಯಾಮೆರಾ, ಎರಡನೇದು ಗಂಡನ ಕ್ಯಾಮೆರಾ. ಇಪ್ಪತ್ತೈದು ನಿಮಿಷ ವ್ಯತ್ಯಾಸ. ಹೆಂಡತಿ ಫೋಟೋದಲ್ಲಿ ಹಾಲ್‌ನ ಗಡಿಯಾರ ಕಾಣುತ್ತೆ, ಅದೂ 3:50. ಅವಳದ್ದು ಸರಿ. ಗಂಡನ ಕ್ಯಾಮೆರಾ ಮುಂದಿದೆ.”

“ನಮ್ಮ ಫೋಟೋ ಯಾರದ್ದು?”

ಮೇಡಂ ಫೋಟೋದ ಕೆಳಗಿನ ಕ್ಯಾಮೆರಾ ಹೆಸರಿನ ಮೇಲೆ ಬೆರಳಿಟ್ಟರು. ಗಂಡನ ಕ್ಯಾಮೆರಾದ 4:32 ಎಂದರೆ ನಿಜವಾಗಿ 4:07. ಅಲ್ಲಿಂದ 4:31ರವರೆಗೆ ಇಪ್ಪತ್ತನಾಲ್ಕು ನಿಮಿಷ. ಹೋಗಿ, ತಳ್ಳಿ, ತಿರುಗಿ ಬಂದು ಇನ್ನೊಂದು ಸಲ ಆಕಳಿಸಬಹುದು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಭೂತಗನ್ನಡಿ ತಲೆಯ ಮೇಲೆ ಕೈ ಹೊತ್ತು ಕೂತ. ಲಾಕಪ್ಪಿನಲ್ಲಿ ತಂಗಿಯ ಗಂಡ ಈಗ ಹೊಟ್ಟೆ ತುಂಬ ಉಣ್ಣುತ್ತಿರಬಹುದು.

“ರಿಬ್ಬನ್ ಎರಡು ಸಲ ಬಂದಿದ್ದನ್ನ ನೋಡಿರೋದು ನಾವಿಬ್ರೇ ಸರ್,” ಎಂದರು ಮೇಡಂ ಗೋಡೆ ನೋಡುತ್ತ. “ಇದೊಂದನ್ನೇ ಪ್ರಿಂಟ್ ತೆಗೆದು ಕೊಟ್ರೆ...”

“ಬೇಡಮ್ಮ. ಸುಳ್ಳು ಅಚ್ಚು ನಾನು ಯಾವತ್ತೂ ಕೊಟ್ಟಿಲ್ಲ,” ಎಂದ. ದನಿಯಲ್ಲಿ ಹೆಮ್ಮೆ ಇರಲಿಲ್ಲ. ಕೊಟ್ಟುಬಿಡಲೇ ಎಂದು ಮನಸ್ಸು ಆಗಲೇ ಎರಡು ಸಲ ಕೇಳಿತ್ತು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಹಾಲ್‌ನ ಗಡಿಯಾರವೇ ಕೆಟ್ಟಿರಬಾರದೇಕೆ? ಸ್ಟುಡಿಯೋದವನ ಬಾಯಿಂದಲೇ ಕೇಳುತ್ತೇನೆ ಎಂದು ಎದ್ದು ಹೊರಟ.

ಸ್ಟುಡಿಯೋ ಪೊಲೀಸ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಯ ಮಗ್ಗುಲಲ್ಲಿತ್ತು. ಭೂತಗನ್ನಡಿ ಮೆಟ್ಟಿಲು ಹತ್ತುವಾಗ ಅವನ ವಾಚಿನಲ್ಲಿ ನಾಲ್ಕೂಕಾಲು. ಒಳಗಿನ ಹಳೆಯ ಗೋಡೆ ಗಡಿಯಾರದಲ್ಲಿ ಐದಕ್ಕೆ ಇಪ್ಪತ್ತು ನಿಮಿಷ.

ಆ ಗಡಿಯಾರ ನೋಡಿದ ಕೂಡಲೇ ಉಳಿದಿದ್ದ ಹುಲ್ಲುಕಡ್ಡಿಯೂ ಕೈಜಾರಿತು.

“ಬನ್ನಿ ಸಾರ್, ಬನ್ನಿ!” ಫೋಟೋಗ್ರಾಫರ್ ಕುರ್ಚಿ ಒರೆಸಿದ. ದುಂಡು ಮುಖ, ಗಡಿಬಿಡಿಯ ಮನುಷ್ಯ. ಯಾವ ಸಮಾರಂಭಕ್ಕೂ ಕರೆದವರಿಗಿಂತ ಮೊದಲೇ ಹಾಜರಾಗುತ್ತಾನೆಂದು ಊರು ಅವನಿಗೆ ಮುಂಗೋಳಿ ಎಂದು ಹೆಸರಿಟ್ಟಿತ್ತು. ಅವನ ಹೆಂಡತಿ ಮೇಜಿನ ಆಚೆ ಕೂತು ಲೆನ್ಸ್ ಒರೆಸುತ್ತಿದ್ದಳು. ತಲೆಯೆತ್ತಿ ನೋಡಿ, ಸಣ್ಣಗೆ ತಲೆಯಾಡಿಸಿ, ಮತ್ತೆ ಒರೆಸತೊಡಗಿದಳು.

“ನಿಮ್ಮ ಗಡಿಯಾರ ಮುಂದಿದೆ.”

“ಬೇಕಂತಲೇ ಸಾರ್! ಇಪ್ಪತ್ತೈದು ನಿಮಿಷ. ಗೋಡೆದು, ಕೈದು, ಕ್ಯಾಮೆರಾದ್ದು, ಎಲ್ಲಾ.” ಮುಂಗೋಳಿ ಎದೆಯುಬ್ಬಿಸಿದ. “ಒಂದು ಸಲ ತಡವಾಗಿ ಹೋಗಿ ರಿಬ್ಬನ್ ಕತ್ತರಿಸೋದೇ ತಪ್ಪೋಯ್ತು. ಅವತ್ತು ಶಪಥ ಮಾಡ್ದೆ. ಇವಳು ಮಾತ್ರ ಕೇಳಲ್ಲ, ತನ್ನ ಕ್ಯಾಮೆರಾ ಸರಿಯಾಗೇ ಇಟ್ಕೋತಾಳೆ.”

“ಮನೇಲಿ ಒಂದಾದ್ರೂ ನಿಜ ಹೇಳ್ಬೇಕಲ್ಲ,” ಎಂದಳು ಹೆಂಡತಿ, ಲೆನ್ಸಿನಿಂದ ಕಣ್ಣು ತೆಗೆಯದೆ.

ಭೂತಗನ್ನಡಿ ಕುರ್ಚಿಯಲ್ಲಿ ಕುಸಿದ. ಮುಗಿಯಿತು. ಇನ್ನು ತಂಗಿಗೆ ಫೋನ್ ಮಾಡಿ ‘ಸಿಕ್ಕಿಲ್ಲ ಕಣಮ್ಮಾ’ ಎನ್ನುವುದೊಂದೇ ಬಾಕಿ. ಆ ಮಾತು ಆಡುವ ಶಕ್ತಿ ಅವನಿಗಿರಲಿಲ್ಲ. ಸುಮ್ಮನೆ ಕೋಣೆ ನೋಡುತ್ತ ಕೂತ. ಗಡಿಯಾರದ ಕೆಳಗೊಂದು ಬೆತ್ತದ ಕುರ್ಚಿ ಇತ್ತು. ಅದರ ಕೈಗೆ ಒಣಗಿದ ಗೋಂದು ಮೆತ್ತಿತ್ತು.

ಗೋಂದು. ಬೈಂಡರನ ಕೈಯ ಗೋಂದು.

“ಆ ಕುರ್ಚಿ ಯಾರದ್ದು?”

ಮುಂಗೋಳಿಯ ಮುಖ ಸಪ್ಪಗಾಯಿತು. “ಚಿಕ್ಕಪ್ಪಂದು. ನಮ್ಮಪ್ಪನ ತಮ್ಮ ಅಲ್ವಾ ಸಾರ್. ಮಲಗೋದು ಗ್ರಂಥಾಲಯದ ಬೈಂಡಿಂಗ್ ಕೋಣೇಲೇ. ಆದ್ರೆ ದಿನಾ ಬೆಳಿಗ್ಗೆ ಟೀ ಇಲ್ಲೇ. ಆ ಕೀ ಕೊಡೋ ವಾಚು ಹಿಂದೆ ಬೀಳ್ತಿತ್ತು, ದಿನಾ ಇಲ್ಲಿ ಕೂತು ಗೋಡೆ ಗಡಿಯಾರ ನೋಡಿ ಸರಿ ಮಾಡ್ಕೊಂಡು ಹೋಗೋರು.”

ಭೂತಗನ್ನಡಿ ಗಡಿಯಾರದತ್ತ ಬೆರಳು ತೋರಿದ.

“ಈ ಗೋಡೆ ಗಡಿಯಾರ ನೋಡಿ?”

“ಇನ್ಯಾವುದಿದೆ?”

“ಉದ್ಘಾಟನೆ ದಿನಾನೂ?”

“ಅವತ್ತೂ. ನಾನೇ ಟೀ ಕೊಟ್ಟೆ.”

ಹಾಗಾದರೆ ಮುದುಕನ ವಾಚೂ ಇಪ್ಪತ್ತೈದು ನಿಮಿಷ ಮುಂದಿತ್ತು! ವಾಚಿನ 4:31 ಎಂದರೆ ನಿಜವಾಗಿ 4:06. ಫೋಟೋದ 4:32 ಎಂದರೆ 4:07. ಎರಡೂ ಒಂದೇ ಗೋಡೆಯ ಒಂದೇ ಸುಳ್ಳು. ಮುದುಕ ಬಿದ್ದ ಮರುನಿಮಿಷ ತಂಗಿಯ ಗಂಡ ಹಾಲ್‌ನ ಕಂಬಕ್ಕೊರಗಿ ಆಕಳಿಸುತ್ತಿದ್ದ. ಹೋದ ಜೀವ ಬಂದಂತಾಯಿತು.

“ಇಷ್ಟನ್ನ ಬರೆದುಕೊಡ್ತೀಯೇನಪ್ಪಾ? ನಿನ್ನ ಕ್ಯಾಮೆರಾ, ಚಿಕ್ಕಪ್ಪನ ವಾಚು, ಎರಡೂ ಈ ಗಡಿಯಾರದ ಪ್ರಕಾರ ಅಂತ? ಒಂದು ಬಡ ಜೀವ ಉಳಿಯುತ್ತೆ.”

“ಯಾಕೆ ಬರೆಯಲ್ಲ? ನಮ್ಮ ಎಲೆಕ್ಟ್ರಿಷಿಯನ್ ಇರುವೆ ಕೂಡ ತುಳಿಯೋನಲ್ಲ ಅಂತ ನಾನು ಮೊದಲಿಂದ್ಲೂ ಹೇಳ್ತಿದೀನಿ.” ಮುಂಗೋಳಿ ಕಾಗದ ಹುಡುಕಲು ಎದ್ದ. ಡ್ರಾಯರ್ ಎಳೆದ, ಪೆನ್ನು ಬೀಳಿಸಿದ, ಕೊನೆಗೆ ಬಗ್ಗಿ ಬರೆಯತೊಡಗಿದ. ಅವನ ಅಕ್ಷರ ದುಂಡಗೆ, ನಿಧಾನ. ಗಡಿಯಾರದ ವಿಷಯದಲ್ಲಿ ಇರುವ ಅವಸರ ಅವನ ಕೈಗಿರಲಿಲ್ಲ.

ಹೆಂಡತಿಯ ಕೈಯ ಒರೆಸುವ ಬಟ್ಟೆ ಲೆನ್ಸಿನ ಮೇಲೆ ನಿಂತಿತ್ತು.

ಆಗ ಫೋನ್ ಬಂತು. ಕೆಟಲಾಗ್ ಮೇಡಂ.

“ಸರ್, ಮಾತಾಡಬೇಡಿ, ಕೇಳಿ ಅಷ್ಟೇ,” ಎಂದರು. ಉಸಿರು ಏರಿತ್ತು. “ಎರಡು ಕ್ಯಾಮೆರಾನ ಬೇರೆ ಬೇರೆ ಸಾಲು ಮಾಡಿ ನೋಡ್ದೆ. ಹೆಂಡತಿ ನಿಮಿಷಕ್ಕೆ ಏಳೆಂಟು ಫೋಟೋ ತೆಗೀತಾಳೆ. 3:58ರಿಂದ 4:21ರವರೆಗೆ ಒಂದೂ ಇಲ್ಲ. ಬರೀ ಒಂದು ಬಿಟ್ಟು. ಕ್ಯಾಮೆರಾ ಎಲ್ಲೋ ತಾಗಿ ತಾನಾಗೇ ಕ್ಲಿಕ್ ಆದ ಹಾಗಿದೆ. ಟೈಮು 4:06.”

“ಹೂಂ,” ಎಂದ ಭೂತಗನ್ನಡಿ.

“ಮಸುಕಾಗಿದೆ. ಆದ್ರೂ ಕಾಣುತ್ತೆ. ಕಬ್ಬಿಣದ ಮೆಟ್ಟಿಲು ಸರ್. ಕಂಬಿ ಹಿಡ್ಕೊಂಡಿರೋ ಒಂದು ಮುದಿ ಕೈ, ಕೈಯಲ್ಲಿ ವಾಚು. ದೊಡ್ಡದು ಮಾಡಿ ನೋಡ್ದೆ. ಮುಳ್ಳು ನಾಲ್ಕೂವರೆ ಹತ್ರ ಇದೆ.” ಮೇಡಂ ತಡೆದರು. “ಮೊದಲನೇ ಸಾಫ್ಟ್‌ವೇರ್ ಅಳಿಸ್ತೀನಿ ಅಂತಿತ್ತಲ್ಲ, ಆ ನಾನೂರ ಹದಿನಾರರಲ್ಲಿ ಇದೂ ಒಂದು.”

“ಹೂಂ,” ಎಂದ ಮತ್ತೆ.

ತಲೆಯೆತ್ತಿದರೆ ಹೆಂಡತಿ ಅವನನ್ನೇ ನೋಡುತ್ತಿದ್ದಳು. ನೆಟ್ಟ ನೋಟ, ಫೋಕಸ್ ಮಾಡುವವರ ಹಾಗೆ.

“ಆಯ್ತು ಸಾರ್!” ಮುಂಗೋಳಿ ಸಹಿ ಹಾಕಿ ಕಾಗದವನ್ನು ಊದಿದ. ಆಮೇಲೆ ಏನೋ ಹೊಳೆದವನಂತೆ ಹಣೆ ಚಚ್ಚಿಕೊಂಡ. “ತಾಳಿ, ನನ್ನದು ಮುಂದಿದೆ ಅಂತ ನಾನು ಬರೆದ್ರೆ ಯಾರು ನಂಬ್ತಾರೆ? ಯಾವುದಕ್ಕಿಂತ ಮುಂದಿದೆ ಅಂತ ಬೇಕಲ್ಲ! ಲೇ, ನಿನ್ನ ಕ್ಯಾಮೆರಾ ಟೈಮು ಸರಿಯಾಗಿತ್ತು ಅಂತ ನೀನೂ ಎರಡು ಸಾಲು ಬರೆದು ಸಹಿ ಹಾಕು.”

ಖುಷಿಯಿಂದಲೇ ಕಾಗದವನ್ನು ಹೆಂಡತಿಯ ಮುಂದೆ ತಳ್ಳಿದ. ಒಬ್ಬ ನಿರಪರಾಧಿಯನ್ನು ಬಿಡಿಸುತ್ತಿದ್ದೇನೆ ಎಂಬ ಸಂತೋಷ ಆ ದುಂಡು ಮುಖದಲ್ಲಿ ತುಂಬಿತ್ತು. ಭೂತಗನ್ನಡಿಗೆ ಆ ಮುಖ ನೋಡಲಾಗಲಿಲ್ಲ. ಅವಳು ಸಹಿ ಹಾಕಿದರೆ ತಂಗಿಯ ಗಂಡ ಮನೆಗೆ, ಇವನ ಹೆಂಡತಿ ಲಾಕಪ್ಪಿಗೆ. ಹಾಕದಿದ್ದರೆ ಐದು ಗಂಟೆಗೆ ಆರೋಪಪಟ್ಟಿ. ಅತ್ತ ದರಿ, ಇತ್ತ ಪುಲಿ.

ಅವಳು ಪೆನ್ನು ಎತ್ತಿಕೊಂಡಳು. ಬರೆಯಲಿಲ್ಲ.

“ಒಂದು ಮಾತು ಸರ್,” ಎಂದಳು, ತೀರಾ ಸಹಜವಾಗಿ. “ನಿಮ್ಮ ತಂಗಿ ಪಾಪ ಅವತ್ತು ಅಳ್ತಾ ಬಂದಿದ್ರು, ಇಷ್ಟೊಂದು ಫೋಟೋ ಹೇಗೆ ಹುಡುಕೋದು ಅಂತ. ನಾನೇ ಒಂದು ಪುಕ್ಕಟೆ ಸಾಫ್ಟ್‌ವೇರ್ ಹೇಳಿ ಕಳಿಸ್ದೆ. ಅನುಕೂಲ ಆಯ್ತಾ?”

ಭೂತಗನ್ನಡಿ ಫೋನನ್ನು ಜೇಬಿಗೆ ಇಳಿಸಿದ.

“ಆ ಮಸುಕಾದವನ್ನೆಲ್ಲಾ,” ಪೆನ್ನಿನ ತುದಿ ಕಾಗದಕ್ಕೆ ತಾಗಿ ನಿಂತಿತು, “ಅಳಿಸಿದ್ರಿ ತಾನೇ?”

ಅವಳು ಸಹಿ ಹಾಕಲು ಒಂದು ‘ಹೂಂ’ ಸಾಕಿತ್ತು. ಅರ್ಧ ನಿಮಿಷದ ಹಿಂದೆ ಫೋನಿಗೆ ಎರಡು ಸಲ ಅಂದದ್ದೇ. ಅದು ಆಗ ನಿಜವಾಗಿತ್ತು, ಈಗ ಸುಳ್ಳಾಗುತ್ತಿತ್ತು, ಮೂವತ್ತು ವರ್ಷದ ಮೊದಲನೆಯ ಸುಳ್ಳು ಅಚ್ಚು. ಮುಂಗೋಳಿ ಏನೂ ಅರಿಯದೆ ಇಬ್ಬರನ್ನೂ ನೋಡಿ ನಗುತ್ತಿದ್ದ.

ಭೂತಗನ್ನಡಿ ಬಾಯಿ ತೆರೆದ.

ಮುದುಕನ ಬೆತ್ತದ ಕುರ್ಚಿಯ ಮೇಲೆ ಗೋಡೆ ಗಡಿಯಾರ ಢಣ್ ಢಣ್ ಎಂದು ಐದು ಹೊಡೆಯಿತು. ನಿಜವಾದ ಐದಕ್ಕೆ ಇನ್ನೂ ಇಪ್ಪತ್ತೈದು ನಿಮಿಷವಿತ್ತು.